ಸ್ಕ್ಯಾನಿಂಗ್ ನಾರ್ಮಲ್, ಹೊಟ್ಟೆನೋವು ಮಾತ್ರ ಹಾಗೇ ಇದೆ: ಹೆಣ್ಣುಮಕ್ಕಳು ಕಾರಣ ಹುಡುಕುವ ಕ್ರಮ

ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. “ಎರಡು ವರ್ಷದಿಂದ ಹೊಟ್ಟೆನೋವು. ಮೂರು ಸಲ ಸ್ಕ್ಯಾನಿಂಗ್ ಆಯ್ತು, ಎಲ್ಲ ನಾರ್ಮಲ್. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟಿದ್ದಾರೆ. ಮುಂದೇನು ಮಾಡಲಿ?”

ಕೇಳುವವರು ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ. ಎಲ್ಲರೂ ಸ್ಕ್ಯಾನಿಂಗ್‌ನಿಂದ ಶುರು ಮಾಡುತ್ತಾರೆ. ಅದು ನಾರ್ಮಲ್ ಬಂದರೆ ಅಲ್ಲಿಗೇ ನಿಂತುಬಿಡುತ್ತಾರೆ. ಆದರೆ ಸ್ಕ್ಯಾನಿಂಗ್‌ನ ಸರದಿ ಬರುವುದು ತುಂಬ ತಡವಾಗಿ. ನೋವು ಯಾವಾಗ ಬರುತ್ತದೆ, ಯಾವುದರ ಜೊತೆ ಬರುತ್ತದೆ ಅನ್ನುವುದು ಗೊತ್ತಿಲ್ಲದೆ ಸ್ಕ್ಯಾನ್ ಮಾಡಿಸಿದರೆ, ಏನನ್ನು ಹುಡುಕಬೇಕು ಅಂತ ಸ್ಕ್ಯಾನ್ ಮಾಡುವವರಿಗೂ ತಿಳಿಯುವುದಿಲ್ಲ.

ಇದನ್ನು ಓದಿ ನಿಮ್ಮ ಕಾಯಿಲೆಗೆ ನೀವೇ ಹೆಸರಿಡಬೇಕಿಲ್ಲ. ಡಾಕ್ಟರ ಮುಂದೆ ಕೂತಾಗ ಸರಿಯಾದ ಕಡೆಗೆ ಬೆರಳು ತೋರಿಸುವಷ್ಟು ಮಾಹಿತಿ ಕೈಯಲ್ಲಿದ್ದರೆ ಸಾಕು.

## ಮೊದಲೇ ಎತ್ತಿಟ್ಟುಕೊಳ್ಳಬೇಕಾದವು

ಒಂದು ಗೋಡೆ ಕ್ಯಾಲೆಂಡರ್ ಮತ್ತು ಪೆನ್ನು. ಥರ್ಮಾಮೀಟರ್. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಿಟ್. ಹಳೆಯ ರಿಪೋರ್ಟುಗಳು, ತಾರೀಖಿನ ಪ್ರಕಾರ ಜೋಡಿಸಿ. ಕೊನೆಯದಾಗಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್. ಇದರಲ್ಲಿ ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿ, ಭಸ್ಮ, ಚೂರ್ಣ ಎಲ್ಲವೂ ಸೇರಿರಲಿ. “ಅದೇನು ಔಷಧಿ ಅಲ್ಲ ಬಿಡಿ” ಅಂತ ಬಿಟ್ಟದ್ದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಕೆಲವು ರಸೌಷಧಿಗಳಲ್ಲಿ ಇರುವ ಸೀಸ ಹೊಟ್ಟೆ ನುಲಿಸುತ್ತದೆ, ರಕ್ತವನ್ನೂ ಕಡಿಮೆ ಮಾಡುತ್ತದೆ.

## ಹಂತ 1: ಇದು ಕಾಯುವ ನೋವೋ, ಓಡಬೇಕಾದ ನೋವೋ?

ಮೊದಲು ಇದು ತೀರ್ಮಾನ ಆಗಲಿ. ಕೆಳಗಿನದರಲ್ಲಿ ಒಂದೇ ಒಂದು ಇದ್ದರೂ ಲೆಕ್ಕ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿ ಎಮರ್ಜೆನ್ಸಿಗೆ ಹೋಗಿ.

- ಮುಟ್ಟು ತಪ್ಪಿದೆ ಅಥವಾ ಏರುಪೇರಾಗಿದೆ, ಕಿಬ್ಬೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು. ಗರ್ಭ ನಾಳದಲ್ಲಿ ಕಟ್ಟಿ ಒಡೆದಿರಬಹುದು.
- ಒಮ್ಮೆಗೇ ಒಂದು ಬದಿಯಲ್ಲಿ ತಡೆಯಲಾಗದ ನೋವು, ಜೊತೆಗೆ ವಾಂತಿ. ಅಂಡಾಶಯ ತಿರುಚಿಕೊಂಡರೆ ಹೀಗಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ.
- ಹೊಕ್ಕಳ ಸುತ್ತ ಶುರುವಾಗಿ ಒಂದು ದಿನದೊಳಗೆ ಬಲಗಡೆ ಕೆಳಕ್ಕೆ ಇಳಿದ ನೋವು, ಜ್ವರ, ಊಟ ಬೇಡವಾಗುವುದು. ಅಪೆಂಡಿಕ್ಸ್ ಇರಬಹುದು.
- ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದೆ, ಮುಟ್ಟಲೂ ಆಗುತ್ತಿಲ್ಲ.
- ಹಸಿರು ವಾಂತಿ, ರಕ್ತದ ವಾಂತಿ, ಡಾಂಬರಿನಂಥ ಅಂಟು ಅಂಟಾದ ಕಪ್ಪು ಮಲ. ಹೊಟ್ಟೆ ಉಬ್ಬಿ, ಮಲವೂ ಇಲ್ಲ, ವಾಯುವೂ ಹೋಗುತ್ತಿಲ್ಲ.
- ಹೊಕ್ಕಳಲ್ಲೋ ತೊಡೆ ಸಂದಿನಲ್ಲೋ ಇದ್ದ ಗಂಟು ಗಟ್ಟಿಯಾಗಿದೆ, ಒಳಕ್ಕೆ ಹೋಗುತ್ತಿಲ್ಲ, ನೋಯುತ್ತಿದೆ.
- ಬಸುರಿಗೆ ಬಂದ ಜೋರು ನೋವು. ಅದರಲ್ಲೂ ಐದು ತಿಂಗಳ ಮೇಲೆ, ಪಕ್ಕೆಲುಬಿನ ಕೆಳಗೆ ನೋವಿನ ಜೊತೆ ತಲೆನೋವು, ಕಣ್ಣು ಮಂಜಾಗುವುದು.
- ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಉಸಿರುಕಟ್ಟು. ಶುಗರ್ ಇರುವವರಿಗೆ, ನಡುವಯಸ್ಸು ದಾಟಿದವರಿಗೆ ಇದು ಹೃದಯಾಘಾತವೂ ಆಗಿರಬಹುದು. “ಗ್ಯಾಸ್ ಎದೆಗೆ ಹತ್ತಿದೆ” ಅಂತ ಸೋಡಾ ಕುಡಿಸಿ ಮಲಗಿಸಬೇಡಿ. ಒಂದು ಇಸಿಜಿ ತೆಗೆಸಲು ಹತ್ತು ನಿಮಿಷ ಸಾಕು.

ಇಂಥ ನೋವು ಬಂದಾಗ ಮನೆಯಲ್ಲಿ ಮಾಡುವ ದೊಡ್ಡ ತಪ್ಪು ಹರಳೆಣ್ಣೆ ಕುಡಿಸುವುದು. ಅಪೆಂಡಿಕ್ಸ್ ಊದಿದ್ದಾಗ ಅಥವಾ ಕರುಳು ಕಟ್ಟಿಕೊಂಡಿದ್ದಾಗ ಭೇದಿ ಮಾಡಿಸಿದರೆ ಒಳಗೆ ಒಡೆಯುವ ಅಪಾಯ ಹೆಚ್ಚುತ್ತದೆ. ಎನಿಮಾ ಬೇಡ, ಹೊಟ್ಟೆ ತಿಕ್ಕುವುದೂ ಬೇಡ. ಡಾಕ್ಟರು ನೋಡುವ ತನಕ ಊಟವನ್ನೂ ಕೊಡಬೇಡಿ. ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆ ಬೇಕಾಗುತ್ತದೆ.

## ಹಂತ 2: ಗರ್ಭ ಇಲ್ಲ ಅಂತ ಪರೀಕ್ಷೆ ಮಾಡಿಯೇ ತಿಳಿಯಿರಿ

ಮುಟ್ಟು ಬರುವ ವಯಸ್ಸಿನ ಯಾರಿಗೇ ಹೊಟ್ಟೆನೋವು ಬರಲಿ, ಮೊದಲ ಪರೀಕ್ಷೆ ಇದು. ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಹಾಕಿ ನೋಡಿ. ನೆಗೆಟಿವ್ ಬಂದೂ ಮುಟ್ಟು ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ನೋವು ಜೋರಾಗಿದ್ದರೆ ಆ ವಾರ ಕಾಯುವುದೂ ಬೇಡ, ರಕ್ತದಲ್ಲಿ ಬೀಟಾ ಎಚ್‌ಸಿಜಿ (ಗರ್ಭ ನಿಂತಾಗ ಏರುವ ಹಾರ್ಮೋನ್) ನೋಡುತ್ತಾರೆ.

“ನನಗೆ ಆಪರೇಷನ್ ಆಗಿದೆ, ಹೇಗೆ ಗರ್ಭ ನಿಲ್ಲುತ್ತೆ?” ಅಂತ ಈ ಹಂತವನ್ನು ಹಾರಿಸುವವರು ತುಂಬ ಜನ. ಸಂತಾನಹರಣ ಆಪರೇಷನ್ ಅಪರೂಪಕ್ಕೆ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗ ಗರ್ಭ ನಾಳದಲ್ಲೇ ಕಟ್ಟುವ ಸಾಧ್ಯತೆ ಜಾಸ್ತಿ. ಕಾಪರ್-ಟಿ ಇದ್ದವರಿಗೂ ಇದೇ ಮಾತು.

ಇನ್ನೊಂದು ವಿಷಯ. ನಮ್ಮ ಕಡೆ ಡಾಕ್ಟರು “ಮದುವೆ ಆಗಿದ್ಯಾ?” ಅಂತ ಕೇಳುತ್ತಾರೆ ಅಲ್ವಾ? ಅವರಿಗೆ ಬೇಕಿರುವುದು ತಾಳಿಯ ವಿಷಯ ಅಲ್ಲ, ಗರ್ಭ ನಿಂತಿರುವ ಸಾಧ್ಯತೆ ಇದೆಯಾ ಅನ್ನುವುದು. ಮದುವೆ ಆಗಿರದಿದ್ದರೂ ಆ ಸಾಧ್ಯತೆ ಇದ್ದರೆ ಹೇಳಿಬಿಡಿ. ಜೊತೆಯಲ್ಲಿ ಅಮ್ಮನೋ ಅಣ್ಣನೋ ಇದ್ದರೆ, “ಒಂದು ನಿಮಿಷ ಒಬ್ಬಳೇ ಮಾತಾಡಬೇಕಿತ್ತು ಡಾಕ್ಟ್ರೇ” ಅಂದರೆ ಸಾಕು. ಇಲ್ಲಿ ಮುಚ್ಚಿಟ್ಟ ಒಂದು ಮಾತು ಜೀವಕ್ಕೇ ಕುತ್ತಾಗಬಹುದು.

## ಹಂತ 3: ನೋವನ್ನು ಒಂದು ಬೆರಳಿನಲ್ಲಿ ತೋರಿಸಿ

ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸಿ “ಇಲ್ಲೆಲ್ಲಾ” ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅತಿ ಜಾಸ್ತಿ ನೋಯುವ ಜಾಗದ ಮೇಲೆ ಒಂದೇ ಬೆರಳಿಡಿ. ಒಂದು ಬೆರಳಿನಲ್ಲಿ ತೋರಿಸಲು ನಿಜವಾಗಿಯೂ ಆಗದಿದ್ದರೆ ಅದೂ ಒಂದು ಸುಳಿವೇ. ಕರುಳಿನ ನೋವು ಹೀಗೆ ಹರಡಿಕೊಂಡಿರುತ್ತದೆ.

ಆಮೇಲೆ ಅದು ಎಲ್ಲಿಗೆ ಓಡುತ್ತದೆ ನೋಡಿ. ಬಲಪಕ್ಕೆಯ ಕೆಳಗಿಂದ ಬೆನ್ನಿನ ಬಲ ಹೆಗಲ ಮೂಳೆಗೆ ಹೋದರೆ ಪಿತ್ತಕೋಶದ ಕಲ್ಲು ನೆನಪಾಗಬೇಕು. ಮೇಲ್ಹೊಟ್ಟೆಯಿಂದ ನೇರ ಬೆನ್ನಿಗೆ ಹೋಗಿ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಗುರ ಅನ್ನಿಸಿದರೆ ಮೇದೋಜೀರಕ ಗ್ರಂಥಿ. ಸೊಂಟದ ಪಕ್ಕದಿಂದ ತೊಡೆ ಸಂದಿಗೆ ಇಳಿದು, ಕೂತರೂ ನಿಂತರೂ ಸಮಾಧಾನ ಆಗದ ನೋವು ಮೂತ್ರದ ಕಲ್ಲಿನದು.

ಈಗ ಮಂಚದ ಮೇಲೆ ಒಂದು ಪುಟ್ಟ ಪರೀಕ್ಷೆ. ಅಂಗಾತ ಮಲಗಿ. ನೋವಿನ ಜಾಗದ ಮೇಲೆ ಬೆರಳಿಟ್ಟು ಒತ್ತಿ. ಬೆರಳು ತೆಗೆಯದೆ, ಕೈಯ ಆಸರೆ ಇಲ್ಲದೆ, ತಲೆ ಮತ್ತು ಹೆಗಲನ್ನು ಹಾಸಿಗೆಯಿಂದ ಮೇಲೆತ್ತಿ. ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ಆಗ ನೋವು ಕಡಿಮೆಯಾದರೆ ಕಾರಣ ಒಳಗಿದೆ, ಬಿಗಿಯಾದ ಸ್ನಾಯು ಅದಕ್ಕೆ ಗುರಾಣಿಯಾಯಿತು. ನೋವು ಹಾಗೇ ಇದ್ದರೆ ಅಥವಾ ಜಾಸ್ತಿಯಾದರೆ ಕಾರಣ ಹೊಟ್ಟೆಯ ಗೋಡೆಯಲ್ಲೇ ಇರಬಹುದು. ಅಂದರೆ ಸಿಕ್ಕಿಕೊಂಡ ನರ, ಉಳುಕಿದ ಸ್ನಾಯು, ಸಣ್ಣ ಹರ್ನಿಯಾ, ಸಿಸೇರಿಯನ್ ಹೊಲಿಗೆಯ ಜಾಗ. ಡಾಕ್ಟರು ಇದನ್ನು ಕಾರ್ನೆಟ್ ಪರೀಕ್ಷೆ ಅನ್ನುತ್ತಾರೆ. ಕಾಸು ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಆದರೂ ಇದನ್ನು ಮಾಡದೆ ಎಂಡೋಸ್ಕೋಪಿ ತನಕ ಹೋದವರಿದ್ದಾರೆ. ಹಂತ 1ರ ಲಕ್ಷಣ ಇರುವವರು, ಬಸುರಿಯರು, ಈಚೆಗೆ ಆಪರೇಷನ್ ಆದವರು ಇದನ್ನು ಮನೆಯಲ್ಲಿ ಮಾಡಬೇಡಿ.

ಚರ್ಮವನ್ನೂ ಒಮ್ಮೆ ನೋಡಿಕೊಳ್ಳಿ. ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ ಬಂದು ಎರಡು ಮೂರು ದಿನಕ್ಕೆ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಹೊಟ್ಟೆಯೊಳಗಿನ ಕಾಯಿಲೆಯೇ ಅಲ್ಲ.

## ಹಂತ 4: ಎರಡು ಮೂರು ತಿಂಗಳ ಲೆಕ್ಕ ಬರೆಯಿರಿ

ಎಲ್ಲರೂ ಹಾರಿಸುವ ಹಂತ ಇದು. ಕಾರಣ ಸಿಗುವುದು ಹೆಚ್ಚಾಗಿ ಇಲ್ಲೇ.

ಆ್ಯಪ್ ಬೇಕಿಲ್ಲ. ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಸಾಕು, ಹಾಲಿನ ಲೆಕ್ಕ, ಸಿಲಿಂಡರ್ ಹಾಕಿದ ತಾರೀಖು ಬರೆಯುತ್ತೀವಲ್ಲ, ಅದೇ. ನೋವು ಬಂದ ದಿನ ನಾಲ್ಕೈದು ಗುರುತು ಹಾಕಿ: ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಅದಕ್ಕೆ ಮುಂಚೆ ಏನು ತಿಂದಿರಿ, ಮಲಕ್ಕೆ ಹೋದ ಮೇಲೆ ಕಡಿಮೆ ಆಯಿತಾ. ಮುಟ್ಟಿನ ದಿನಕ್ಕೆ ಸುತ್ತು ಹಾಕಿ. ಉರಿಮೂತ್ರ, ಬಿಳಿಸೆರಗು, ಸಂಭೋಗದ ಸಮಯದ ನೋವು, ಜ್ವರ, ನುಂಗಿದ ಮಾತ್ರೆ, ಇವುಗಳಿಗೆ ನಿಮ್ಮದೇ ಒಂದೊಂದು ಅಕ್ಷರ ಇಟ್ಟುಕೊಳ್ಳಿ. ಮನೆಯವರ ಕಣ್ಣಿಗೆ ಬೀಳುತ್ತದೆ ಅನ್ನುವ ಸಂಕೋಚ ಇದ್ದರೆ ಅಕ್ಷರ ಬೇರೆ ಯಾರಿಗೂ ಅರ್ಥ ಆಗದಂತೆ ಇರಲಿ. ನೋವಿಲ್ಲದ ದಿನ ಖಾಲಿ ಬಿಡಿ. ಆ ಖಾಲಿ ಚೌಕಗಳೂ ಮಾತಾಡುತ್ತವೆ.

ನಮ್ಮ ಚಿಕ್ಕಮ್ಮನ ಮಗಳು, 29 ವರ್ಷ, ಮೂರು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದಳು. ಹೊಟ್ಟೆ ಉಬ್ಬರ, ನುಲಿ, ಆಗಾಗ ಭೇದಿ. ಕೇಳಿದರೆ “ಯಾವಾಗ ಬೇಕಾದ್ರೂ ಬರುತ್ತೆ ಅಕ್ಕ, ಲೆಕ್ಕ ಇಲ್ಲ” ಅನ್ನುತ್ತಿದ್ದಳು. ಲೆಕ್ಕ ಬರೆಯಲು ಹಚ್ಚಿದೆ. ಮೂರನೇ ತಿಂಗಳು ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. 7, 8, 8 ಅನ್ನುವ ಅಂಕಿಗಳೆಲ್ಲ ಮುಟ್ಟಿನ ಸುತ್ತಿನ ಎರಡು ದಿನ ಮುಂಚೆ ಶುರುವಾಗಿ ಮೂರನೇ ದಿನಕ್ಕೆ ನಿಂತಿದ್ದವು. ಮುಟ್ಟಿನ ಎರಡನೇ ದಿನದ ಚೌಕದಲ್ಲಿ ಮೂರು ತಿಂಗಳೂ ಅದೇ ಮಾತು: “ಕಕ್ಕಸಿಗೆ ಹೋಗುವಾಗ ಪ್ರಾಣ ಹೋಯ್ತು”. ಉಳಿದ ದಿನಗಳಲ್ಲಿ ಎರಡು, ಮೂರು, ಅಥವಾ ಖಾಲಿ. ಅಲ್ಲಿಯವರೆಗೆ ಆಗಿದ್ದ ಎರಡೂ ಸ್ಕ್ಯಾನ್ ಮೇಲ್ಹೊಟ್ಟೆಯವು. ಆ ಕ್ಯಾಲೆಂಡರ್ ಹಿಡಿದು ಸ್ತ್ರೀರೋಗ ತಜ್ಞರ ಹತ್ತಿರ ಹೋದಳು. ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗುಳ್ಳೆ ಇತ್ತು. ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಎಂಡೊಮೆಟ್ರಿಯೋಸಿಸ್.

## ಹಂತ 5: ಲೆಕ್ಕ ಓದಿ, ಯಾವ ಬಾಗಿಲು ತಟ್ಟಬೇಕು ನೋಡಿ

ಮುಟ್ಟಿನ ಜೊತೆ ಹೆಜ್ಜೆ ಹಾಕುವ ನೋವು. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮುಟ್ಟಿಗೆ ಮುಂಚೆಯೇ ಶುರುವಾಗುವ ನೋವು, ಸಂಭೋಗದಲ್ಲಿ ಆಳಕ್ಕೆ ತಾಗಿದಂಥ ನೋವು, ಮುಟ್ಟಿನ ದಿನಗಳಲ್ಲಿ ಮಲ ಮೂತ್ರಕ್ಕೆ ಹೋಗುವಾಗ ನೋವು, ಇವು ಎಂಡೊಮೆಟ್ರಿಯೋಸಿಸ್ ಕಡೆ ಕೈ ತೋರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಿನ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಇದು ಇರುತ್ತದೆ. ಆದರೂ ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. “ಮುಟ್ಟು ಅಂದ್ಮೇಲೆ ನೋವು ಇದ್ದದ್ದೇ, ಮದುವೆ ಆದ್ರೆ ಸರಿಹೋಗುತ್ತೆ” ಅನ್ನುವ ಮಾತಿನಲ್ಲೇ ಆ ವರ್ಷಗಳಲ್ಲಿ ಎಷ್ಟೋ ಕಳೆದುಹೋಗುತ್ತವೆ. ಕಾಲೇಜಿಗೆ, ಕೆಲಸಕ್ಕೆ ರಜ ಹಾಕಿಸುವ ನೋವು ಇದ್ದದ್ದೇ ಅಲ್ಲ.

ನೋವಿನ ಜೊತೆ ರಕ್ತಸ್ರಾವವೂ ವಿಪರೀತ ಇದ್ದರೆ ಅಡಿನೋಮಯೋಸಿಸ್ (ಗರ್ಭಕೋಶದ ಒಳಪದರ ಅದರ ಗೋಡೆಯೊಳಗೇ ಬೆಳೆಯುವುದು) ಅಥವಾ ಗರ್ಭಕೋಶದ ಗಡ್ಡೆ ಇರಬಹುದು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ, ಒಂದು ಬದಿಯಲ್ಲಿ, ಒಂದೆರಡು ದಿನ ಮಾತ್ರ ಬಂದು ಹೋದರೆ ಅದು ಅಂಡ ಬಿಡುಗಡೆಯ ನೋವು. ಅದಕ್ಕೆ ಹೆದರಬೇಕಿಲ್ಲ. ಸಿಸೇರಿಯನ್ ಗಾಯದ ಬಳಿ ಗಂಟಿದ್ದು, ಅದು ಮುಟ್ಟಿನಲ್ಲಿ ಊದಿ ನೋಯುತ್ತಿದ್ದರೆ ಗಾಯದೊಳಗೇ ಎಂಡೊಮೆಟ್ರಿಯೋಸಿಸ್ ಕೂತಿರಬಹುದು.

ಹದಿನಾಲ್ಕು ಹದಿನೈದು ವರ್ಷದ ಹುಡುಗಿ, ಇನ್ನೂ ದೊಡ್ಡವಳಾಗಿಲ್ಲ, ಆದರೆ ತಿಂಗಳಿಗೊಮ್ಮೆ ಸರಿಯಾಗಿ ಕಿಬ್ಬೊಟ್ಟೆ ನೋವು. ಇದು ಕಂಡರೆ ತಡಮಾಡಬೇಡಿ. ಒಳಗೆ ಮುಟ್ಟು ಆಗುತ್ತಿದ್ದು ಹೊರಬರಲು ದಾರಿ ಇಲ್ಲದಿರಬಹುದು. ಎಷ್ಟೋ ಸಲ ಸಣ್ಣ ಆಪರೇಷನ್‌ನಲ್ಲಿ ಸರಿಹೋಗುತ್ತದೆ.

ಬಿಳಿಸೆರಗು, ಜ್ವರ, ಕಿಬ್ಬೊಟ್ಟೆ ನೋವು ಒಟ್ಟಿಗೆ. ಇದು ಗರ್ಭನಾಳದ ಸೋಂಕು ಇರಬಹುದು. ಆ್ಯಂಟಿಬಯಾಟಿಕ್ ಪೂರ್ತಿ ಮುಗಿಸಬೇಕು. ಲೈಂಗಿಕವಾಗಿ ಹರಡುವ ಸೋಂಕಾದರೆ ಗಂಡನಿಗೂ ಚಿಕಿತ್ಸೆ ಆಗಬೇಕು. ಒಬ್ಬರಿಗೇ ಕೊಟ್ಟರೆ ಮತ್ತೆ ಬರುತ್ತದೆ. ಸಂಜೆ ಹೊತ್ತು ಜ್ವರ, ತೂಕ ಇಳಿತ, ಮುಟ್ಟು ಕಡಿಮೆಯಾಗುತ್ತಾ ಬಂದಿರುವುದು, ಮಕ್ಕಳಾಗದಿರುವುದು ಇದ್ದರೆ ಕ್ಷಯದ ಬಗ್ಗೆ ಕೇಳಿ. ಕ್ಷಯ ಅಂದರೆ ಕೆಮ್ಮು ಮಾತ್ರ ಅಲ್ಲ. ಕರುಳಿಗೂ ಗರ್ಭಕೋಶಕ್ಕೂ ಬರುತ್ತದೆ.

ಮಲದ ಜೊತೆ ನಂಟಿರುವ ನೋವು. ವಾರಕ್ಕೆ ಒಂದು ದಿನವಾದರೂ ನೋವು, ಮಲಕ್ಕೆ ಹೋದಾಗ ಅದರಲ್ಲಿ ಏರಿಳಿತ, ಮಲದ ರೀತಿ ಅಥವಾ ಹೋಗುವ ಸಲ ಬದಲಾಗಿರುವುದು, ಹೀಗೆ ಮೂರು ತಿಂಗಳಿಂದ ಇದ್ದರೆ ಐಬಿಎಸ್ (ಪರೀಕ್ಷೆಯಲ್ಲಿ ಕರುಳು ಸರಿಯಾಗೇ ಕಂಡರೂ ಅದರ ಕೆಲಸ ಏರುಪೇರಾಗಿರುವುದು) ಅನ್ನುವ ಕಡೆ ಡಾಕ್ಟರು ಯೋಚಿಸುತ್ತಾರೆ. ಆದರೆ ಮಲದಲ್ಲಿ ರಕ್ತ, ತೂಕ ಇಳಿತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಐಬಿಎಸ್ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ಐವತ್ತು ದಾಟಿದವರಿಗೆ ಒಂದು ಎಚ್ಚರಿಕೆ. ಆ ವಯಸ್ಸಿನಲ್ಲಿ ಹೊಸದಾಗಿ ಐಬಿಎಸ್ ಶುರುವಾಗುವುದು ಅಪರೂಪ. ತಿಂಗಳಲ್ಲಿ ಹನ್ನೆರಡಕ್ಕಿಂತ ಹೆಚ್ಚು ದಿನ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ ಆಗುವುದು, ಪದೇ ಪದೇ ಮೂತ್ರ ಇದ್ದರೆ ಅಂಡಾಶಯದ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಕಿಬ್ಬೊಟ್ಟೆಯ ಸ್ಕ್ಯಾನ್ ಮತ್ತು ಸಿಎ-125 ರಕ್ತಪರೀಕ್ಷೆ ಕೇಳಿ. ಇದು ಗ್ಯಾಸ್ಟ್ರಿಕ್ ವೇಷ ಹಾಕಿಕೊಂಡೇ ಬರುತ್ತದೆ.

ಊಟದ ಜೊತೆ ನಂಟಿರುವ ನೋವು. ಮದುವೆ ಊಟ, ಕರಿದದ್ದು ತಿಂದ ರಾತ್ರಿ ಬಲಪಕ್ಕೆ ಹಿಡಿದುಕೊಂಡು ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡಿದರೆ ಪಿತ್ತಕೋಶ. ಹಾಲು ಕುಡಿದ ಕೆಲವೇ ಗಂಟೆಯಲ್ಲಿ ಗುಡುಗುಡು, ಭೇದಿ ಆದರೆ ಎರಡು ವಾರ ಹಾಲು ಬಿಟ್ಟು ನೋಡಿ. ಚಪಾತಿಯ ಮೇಲೆ ಅನುಮಾನ ಇದ್ದರೆ ಮಾತ್ರ ಗೋಧಿಯನ್ನು ತಕ್ಷಣ ಬಿಡಬೇಡಿ. ಗೋಧಿ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಮೇಲ್ಹೊಟ್ಟೆ ಉರಿಗೆ ಕಾರಣವಾಗುವ ಒಂದು ವಿಷವರ್ತುಲ ಇದೆ. ಮುಟ್ಟಿನ ನೋವಿಗೋ ಮಂಡಿ ನೋವಿಗೋ ಖಾಲಿ ಹೊಟ್ಟೆಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ನುಂಗುವುದು. ಅದರಿಂದ ಹೊಟ್ಟೆ ಹುಣ್ಣು. ಆ ನೋವಿಗೆ ಮತ್ತೆ ಅದೇ ಮಾತ್ರೆ.

ಮೂತ್ರದ ಜೊತೆ ನಂಟಿರುವ ನೋವು. ಉರಿಮೂತ್ರ ಇದ್ದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕೊಡಿ. ಮೂತ್ರಕೋಶ ತುಂಬಿದಾಗ ನೋವು, ಖಾಲಿಯಾದರೆ ಆರಾಮ, ಕಲ್ಚರ್ ಮಾತ್ರ ಪ್ರತಿ ಸಲವೂ ನೆಗೆಟಿವ್, ಹೀಗಿದ್ದರೆ ಮತ್ತೊಂದು ಕೋರ್ಸ್ ಆ್ಯಂಟಿಬಯಾಟಿಕ್ ಬೇಡ, ಯುರಾಲಜಿಸ್ಟ್ ಬೇಕು.

## ಹಂತ 6: ಡಾಕ್ಟರ ಮುಂದೆ ಮೊದಲ ಎರಡು ನಿಮಿಷ

ಒಪಿಡಿಯಲ್ಲಿ ಸಮಯ ಸಿಗುವುದಿಲ್ಲ. “ಗ್ಯಾಸ್ಟ್ರಿಕ್” ಅಂತ ಶುರು ಮಾಡಿದರೆ ಗ್ಯಾಸ್ಟ್ರಿಕ್ ಮಾತ್ರೆಯೇ ಬರುತ್ತದೆ. ನಮ್ಮಲ್ಲಿ ಎದೆ ಉರಿ, ಹೊಟ್ಟೆ ಉಬ್ಬರ, ಬೆನ್ನು ಹಿಡಿತ ಎಲ್ಲಕ್ಕೂ ಅದೊಂದೇ ಪದ. ಕಾಯಿಲೆಯ ಹೆಸರು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ.

“ಎಂಟು ತಿಂಗಳಿಂದ ಎಡ ಕಿಬ್ಬೊಟ್ಟೆ ನೋವು. ಮುಟ್ಟಿಗೆ ಎರಡು ದಿನ ಮುಂಚೆ ಬರುತ್ತೆ, ಹತ್ತಕ್ಕೆ ಎಂಟು. ಹಿಂಡಿದ ಹಾಗೆ. ಕಿಟ್ ನೆಗೆಟಿವ್. ಕ್ಯಾಲೆಂಡರ್ ಇಲ್ಲಿದೆ.” ಇಷ್ಟೇ ಸಾಕು. ಹಿಂಡಿದ ಹಾಗೆ, ಚುಚ್ಚಿದ ಹಾಗೆ, ಉರಿ, ಸೆಳೆತ, ಭಾರ, ಈ ಪದಗಳು ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತವೆ.

ಕೈಯಿಟ್ಟು ಪರೀಕ್ಷೆ ಮಾಡದೆ ಬರೀ ಚೀಟಿ ಬರೆದು ಕಳಿಸಿದರೆ, “ಒಂದ್ಸಲ ಹೊಟ್ಟೆ ನೋಡಿ ಡಾಕ್ಟ್ರೇ” ಅಂತ ಕೇಳಿ. ಕೇಳುವುದು ತಪ್ಪಲ್ಲ. ಒಳಪರೀಕ್ಷೆ ಬೇಕಾದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ ಅಂತಲೂ ಕೇಳಬಹುದು.

## ಹಂತ 7: ಪರೀಕ್ಷೆಗಳ ಸರದಿ ಮತ್ತು ತಯಾರಿ

ಮೊದಲ ಸುತ್ತು ಸಣ್ಣ ಖರ್ಚಿನದು. ಮೂತ್ರ ಪರೀಕ್ಷೆ, ರಕ್ತದ ಪೂರ್ಣ ಎಣಿಕೆ, ಸಿಆರ್‌ಪಿ (ಒಳಗೆ ಉರಿಯೂತ ಇದೆಯಾ ಅಂತ), ಶುಗರ್, ಲಿವರ್ ಮತ್ತು ಕ್ರಿಯಾಟಿನಿನ್ (ಕಿಡ್ನಿಗೆ). ಮೇಲ್ಹೊಟ್ಟೆ ನೋವಾದರೆ ಮೇದೋಜೀರಕ ಗ್ರಂಥಿಗೆ ಲೈಪೇಸ್ ಸೇರಿಸುತ್ತಾರೆ, ಮಲಬದ್ಧತೆ ಇದ್ದರೆ ಥೈರಾಯ್ಡ್. ಶುಗರ್ ಯಾಕೆ ಅಂತ ಕೇಳಬೇಡಿ. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು ಅಂತ ಬಂದ ಎಳೆಯ ಹುಡುಗಿಯಲ್ಲಿ ಶುಗರ್ ಆಕಾಶಕ್ಕೇರಿರುವುದು ಉಂಟು.

ಎರಡನೆಯದು ಅಲ್ಟ್ರಾಸೌಂಡ್. ಇಲ್ಲಿ ತಯಾರಿ ತಪ್ಪಿದರೆ ದುಡ್ಡು ದಂಡ. ಪಿತ್ತಕೋಶ ನೋಡಬೇಕಾದರೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ಕಾಫಿ ಕುಡಿದರೂ ಪಿತ್ತಕೋಶ ಕುಗ್ಗುತ್ತದೆ, ಕಲ್ಲು ಕಾಣದೆ ಹೋಗಬಹುದು. ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೋಡಲು ಮೂತ್ರಕೋಶ ತುಂಬಿರಬೇಕು. ಎರಡೂ ಒಟ್ಟಿಗೆ ಇದ್ದರೆ ಊಟ ಬಿಟ್ಟು ಬರೀ ನೀರು ಕುಡಿದು ಹೋಗಿ. ಯೋನಿಯ ಒಳಗಿನಿಂದ ಮಾಡುವ ಟಿವಿಎಸ್ ಸ್ಕ್ಯಾನ್‌ಗೆ ಮೂತ್ರಕೋಶ ಖಾಲಿ ಇರಬೇಕು. ಸಣ್ಣ ಚಾಕೊಲೇಟ್ ಸಿಸ್ಟ್, ಅಡಿನೋಮಯೋಸಿಸ್ ಚೆನ್ನಾಗಿ ಕಾಣುವುದು ಇದರಲ್ಲೇ. ನಿಮ್ಮ ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ.

ಸ್ಕ್ಯಾನ್ ಚೀಟಿಯಲ್ಲಿ ಬರೀ “ಹೊಟ್ಟೆನೋವು” ಅಂತ ಬರೆದಿದ್ದರೆ ಅನುಮಾನ ಏನು ಅಂತ ಸೇರಿಸಲು ಹೇಳಿ.

ಹೊಟ್ಟೆ ಹುಣ್ಣು ಮಾಡುವ ಎಚ್. ಪೈಲೋರಿ ರೋಗಾಣುವಿಗೆ ಉಸಿರಿನ ಅಥವಾ ಮಲದ ಪರೀಕ್ಷೆ ಬರೆದರೆ, ಪ್ಯಾಂಟೊಪ್ರಜೋಲ್ ತರದ ಗ್ಯಾಸ್ಟ್ರಿಕ್ ಮಾತ್ರೆ ಎರಡು ವಾರ, ಆ್ಯಂಟಿಬಯಾಟಿಕ್ ನಾಲ್ಕು ವಾರ ನಿಂತಿರಬೇಕು. ನಿಲ್ಲಿಸಬಹುದಾ ಅಂತ ಬರೆದುಕೊಟ್ಟವರನ್ನೇ ಕೇಳಿ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಾಗುವುದು ಮಾಮೂಲು, ಅದನ್ನೂ ಮೊದಲೇ ತಿಳಿಸಿ.

ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಸಿಟಿ, ಎಂಆರ್‌ಐ ಆಮೇಲಿನವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: “ಇದರಲ್ಲಿ ಏನು ಹುಡುಕ್ತಿದ್ದೀವಿ?” ಉತ್ತರ ಸಿಗದಿದ್ದರೆ ಆ ಪರೀಕ್ಷೆಗೆ ಅವಸರ ಇಲ್ಲ.

## ಹಂತ 8: ರಿಪೋರ್ಟಿನಲ್ಲಿ ಕಂಡದ್ದೆಲ್ಲ ಅಪರಾಧಿ ಅಲ್ಲ

ಏನೂ ಕಾಣದಿರುವುದಕ್ಕಿಂತ ಏನೋ ಒಂದು ಕಾಣುವುದೇ ಜಾಸ್ತಿ ದಾರಿ ತಪ್ಪಿಸುತ್ತದೆ. ಸ್ಕ್ಯಾನಿನಲ್ಲಿ “ಪಿಸಿಒಡಿ” (ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು) ಅಂತ ಬಂತು, ಸರಿ, ನೋವಿಗೆ ಅದೇ ಕಾರಣ ಅಂತ ಫೈಲ್ ಮುಚ್ಚಿಬಿಡುತ್ತಾರೆ. ಪಿಸಿಒಡಿಯಿಂದ ಮುಟ್ಟು ಏರುಪೇರಾಗುತ್ತದೆ, ಮೊಡವೆ, ಮುಖದ ಮೇಲೆ ಕೂದಲು ಬರುತ್ತವೆ. ಕಿಬ್ಬೊಟ್ಟೆ ನೋವು ಸಾಮಾನ್ಯವಾಗಿ ಅದರಿಂದ ಬರುವುದಿಲ್ಲ.

ಒಂದನೇ ಗ್ರೇಡಿನ ಫ್ಯಾಟಿ ಲಿವರ್ ನೋಯುವುದಿಲ್ಲ. ಕಿಡ್ನಿಯೊಳಗೆ ಸುಮ್ಮನೆ ಕೂತಿರುವ 3 ಮಿ.ಮೀ. ಕಲ್ಲು ಸಾಮಾನ್ಯವಾಗಿ ನೋಯಿಸುವುದಿಲ್ಲ, ಜಾರಿ ನಾಳಕ್ಕೆ ಬಂದಾಗಲೇ ಅದರ ಆಟ. ಪಿತ್ತಕೋಶದ ಕಲ್ಲು ಇರುವವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗದೆ ಹೋಗಬಹುದು. ನಿಮ್ಮ ನೋವು ಎಡ ಕಿಬ್ಬೊಟ್ಟೆಯಲ್ಲಿದ್ದರೆ ಪಿತ್ತಕೋಶ ತೆಗೆಸಿದರೂ ಅದು ಹೋಗುವುದಿಲ್ಲ. ಮುಟ್ಟಾಗುವ ವಯಸ್ಸಿನಲ್ಲಿ 5 ಸೆಂ.ಮೀ.ಗಿಂತ ಚಿಕ್ಕದಾದ, ಬರೀ ನೀರು ತುಂಬಿದ ಸಿಸ್ಟ್ ಎರಡು ಮೂರು ಮುಟ್ಟಿನಲ್ಲಿ ತಾನೇ ಹೋಗುವುದೇ ಹೆಚ್ಚು. ಮುಟ್ಟು ನಿಂತವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ತೋರಿಸಲೇಬೇಕು. ಸಿಎ-125 ಸ್ವಲ್ಪ ಏರಿದ್ದಕ್ಕೆ ರಾತ್ರಿಯಿಡೀ ಗೂಗಲ್ ಮಾಡುತ್ತಾ ಕೂರಬೇಡಿ. ಮುಟ್ಟಿನಲ್ಲಿ, ಗಡ್ಡೆಯಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ ಕೂಡ ಅದು ಏರುತ್ತದೆ.

ಕಂಡದ್ದು ನಿಮ್ಮ ಬೆರಳು ತೋರಿಸಿದ ಜಾಗಕ್ಕೂ ಕ್ಯಾಲೆಂಡರ್‌ಗೂ ಹೊಂದುತ್ತದಾ? ಹೊಂದದಿದ್ದರೆ “ನೋವು ಇದರಿಂದಲೇ ಅಂತ ಹೇಗೆ ಗೊತ್ತು?” ಅಂತ ನೇರವಾಗಿ ಕೇಳಿ.

## ಹಂತ 9: ಎಲ್ಲ ನಾರ್ಮಲ್ ಅಂತ ಬಂದಾಗ

ನಾರ್ಮಲ್ ರಿಪೋರ್ಟ್ ಅಂದರೆ ನೋವು ಸುಳ್ಳು ಅಂತ ಅಲ್ಲ. ಎಂಡೊಮೆಟ್ರಿಯೋಸಿಸ್‌ನ ತೆಳು ಕಲೆಗಳು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿಯ ಪ್ರಕಾರ, ಅದನ್ನು ಗುರುತಿಸಲು ಮೊದಲೇ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವುದು) ಆಗಲೇಬೇಕು ಅಂತಿಲ್ಲ. ಲಕ್ಷಣ ನೋಡಿ ಹಾರ್ಮೋನ್ ಮಾತ್ರೆ ಕೊಟ್ಟು ಪ್ರಯತ್ನಿಸಬಹುದು. ಐಬಿಎಸ್, ಸಿಕ್ಕಿಕೊಂಡ ನರ, ಮೂತ್ರಕೋಶದ ನೋವು, ಇವ್ಯಾವುವೂ ಸಾಮಾನ್ಯ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಕೆಳಹೊಟ್ಟೆಯ ಆಳದ ಸ್ನಾಯುಗಳ ಬಿಗಿತವೂ ಹಾಗೇ. ಅದಕ್ಕೆ ಫಿಸಿಯೋಥೆರಪಿ ಇದೆ.

“ಟೆನ್ಷನ್ ಬಿಡಮ್ಮಾ, ಸರಿಹೋಗುತ್ತೆ” ಅನ್ನುವ ಮಾತು ಬಂದೇ ಬರುತ್ತದೆ. ಚಿಂತೆ ನೋವನ್ನು ಹೆಚ್ಚಿಸುತ್ತದೆ, ನಿಜ. ಮನೆಯಲ್ಲಿ ಹೊಡೆತ ಬಡಿತ, ಹಿಂಸೆ ಇದ್ದರೆ ಅದನ್ನೂ ಹೇಳಿಕೊಳ್ಳಬೇಕು, ಚಿಕಿತ್ಸೆಯ ದಾರಿ ಅದರಿಂದ ಬದಲಾಗುತ್ತದೆ. ಆದರೆ ಹೊಟ್ಟೆ ಮುಟ್ಟಿ ನೋಡುವ ಮುಂಚೆಯೇ ಟೆನ್ಷನ್ ಅಂದವರ ಮಾತನ್ನು ಕೊನೆಯ ಮಾತು ಅಂದುಕೊಳ್ಳಬೇಡಿ.

ಇನ್ನೊಂದು ತುದಿಯ ತಪ್ಪು ಇದಕ್ಕಿಂತ ದೊಡ್ಡದು. “ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ, ಮುಂದೆ ಕ್ಯಾನ್ಸರ್ ಆದೀತು.” ನೋವು, ಬಿಳಿಸೆರಗು ಅಂತ ಹೋದ ಬಡ ಹೆಣ್ಣುಮಕ್ಕಳಿಗೆ ಬೇಡದ ಕಡೆ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ, ಹಾವೇರಿ ಜಿಲ್ಲೆಗಳಿಂದಲೇ ಸುದ್ದಿಯಾಗಿದ್ದವು. ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕಾರಣ ಐಬಿಎಸ್ ಆಗಿದ್ದರೆ ಗರ್ಭಕೋಶ ಹೋದ ಮೇಲೂ ನೋವು ಇರುತ್ತದೆ. ಯಾರಾದರೂ ಹೀಗೆ ಹೇಳಿದರೆ ಅವತ್ತೇ ಸಹಿ ಹಾಕಬೇಡಿ. ಫೈಲ್ ತಗೊಂಡು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಎರಡನೇ ಅಭಿಪ್ರಾಯ ಕೇಳಿ.

ಔಷಧಿ ಕೊಟ್ಟು ನೋಡೋಣ ಅಂದರೆ ಮೂರು ವಿಷಯ ಬರೆಸಿಕೊಂಡು ಬನ್ನಿ: ಎಷ್ಟು ವಾರ ತಗೊಳ್ಳಬೇಕು, ಎಷ್ಟು ಕಡಿಮೆಯಾದರೆ ಗುಣ ಅಂತ ಲೆಕ್ಕ, ಆಗದಿದ್ದರೆ ಮುಂದಿನ ಹೆಜ್ಜೆ ಯಾವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಾಲು ಬಿಟ್ಟು, ಹೊಸ ಮಾತ್ರೆ ಹಿಡಿದು, ಯೋಗಕ್ಕೂ ಸೇರಿದರೆ ಯಾವುದರಿಂದ ಕಡಿಮೆಯಾಯಿತು ಅಂತ ತಿಳಿಯುವುದಿಲ್ಲ. ಔಷಧಿ ಶುರುವಾದ ದಿನವನ್ನೂ ಮರಳಿ ಹೋಗಬೇಕಾದ ದಿನವನ್ನೂ ಅದೇ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ನೋವಿನ ಅಂಕಿ ಹಾಕುವುದನ್ನು ಅಲ್ಲಿಯವರೆಗೆ ನಿಲ್ಲಿಸಬೇಡಿ.